ನಾಲ್ಕು ಮನೆ, ಒಂದೇ ತಂತಿ: ಗದ್ದಲದ ವಿದ್ಯುತ್ ತಂತಿಯಲ್ಲಿ ಇಂಟರ್ನೆಟ್ ಹಂಚಿಕೊಳ್ಳುವ ಬಗೆ

ಪ್ರಶ್ನೆ: ನಾವು ಶಿಡ್ಲಘಟ್ಟದವರು. ನೆಲಮಹಡಿಯಲ್ಲಿ ನಮ್ಮ ರೇಷ್ಮೆ ನೂಲು ಬಿಚ್ಚುವ ಘಟಕವಿದೆ, ಮೇಲೆ ಮೂರು ಬಾಡಿಗೆ ಮನೆಗಳಿವೆ. ಕಲ್ಲಿನ ದಪ್ಪ ಗೋಡೆಗಳಾದ್ದರಿಂದ ವೈಫೈ ಮೇಲಕ್ಕೆ ತಲುಪುವುದಿಲ್ಲ. ಕೆಳಗಿನ ಕಚೇರಿ ಕೋಣೆಗೆ ಬಂದಿರುವ ಫೈಬರ್ ಸಂಪರ್ಕವನ್ನು ಗೋಡೆಯ ಸಾಕೆಟ್ಟಿಗೆ ಸಿಕ್ಕಿಸುವ ಒಂದು ಜೋಡಿ ಪವರ್‌ಲೈನ್ ಅಡಾಪ್ಟರ್‌ಗಳ ಮೂಲಕ ಮೊದಲ ಮಹಡಿಗೆ ಕೊಟ್ಟಾಗ ಬಹಳ ಚೆನ್ನಾಗಿ ನಡೆಯಿತು. ಅದನ್ನು ನೋಡಿ ಉಳಿದ ಬಾಡಿಗೆದಾರರೂ, ಆಮೇಲೆ ಹಿಂದಿನ ಕೋಣೆಯಲ್ಲಿ ಓದಿಕೊಳ್ಳುವ ನನ್ನ ಮಗನೂ ತಮ್ಮ ತಮ್ಮ ಜೋಡಿಗಳನ್ನು ತಂದು ಹಾಕಿದರು. ಈಗ ನಾಲ್ವರಿಗೂ ವೇಗವಿಲ್ಲ. ಹಗಲು ಮೋಟರು ಓಡುವಾಗ ಒಂದು ರೀತಿಯ ತೊಂದರೆ, ರಾತ್ರಿ ಮೋಟರು ನಿಂತ ಮೇಲೆ ಇನ್ನೊಂದು ರೀತಿಯ ತೊಂದರೆ. ಕಾರಣ ತಂತಿಯ ಗದ್ದಲವೋ, ಬಳಸುವವರು ಹೆಚ್ಚಾದದ್ದೋ? ಒಬ್ಬೊಬ್ಬರಿಗೆ ಒಂದೊಂದು ಫ್ರೀಕ್ವೆನ್ಸಿಯನ್ನೋ ಒಂದೊಂದು ಫೇಸನ್ನೋ ಕೊಟ್ಟರೆ ಸರಿಹೋದೀತೇ?

ಉತ್ತರ: ಎರಡೂ ಕಾರಣ. ಆದರೆ ಅವನ್ನು ಸಂಬಂಧವಿಲ್ಲದ ಎರಡು ತೊಂದರೆಗಳೆಂದು ಎಣಿಸಿ ಒಂದೊಂದಕ್ಕೆ ಒಂದೊಂದು ಮದ್ದು ಹುಡುಕಿದರೆ ಗುಣ ಕಾಣುವುದು ಕಷ್ಟ. ಎಂಜಿನಿಯರುಗಳು ನಾಯ್ಸ್ ಎಂದು ಕರೆಯುವ ಈ ಗದ್ದಲವು ವಿದ್ಯುತ್ ತಂತಿಯಲ್ಲಿ ಕ್ಷಣದಿಂದ ಕ್ಷಣಕ್ಕೂ, ಮನೆಯಿಂದ ಮನೆಗೂ ಬದಲಾಗುತ್ತದೆ. ಹಾಗಾಗಿ ತಂತಿಯ ಸಮಯವನ್ನು ನಾಲ್ವರಿಗೆ ಸಮನಾಗಿ ಕತ್ತರಿಸಿ ಕೊಟ್ಟರೂ ನಾಲ್ವರಿಗೆ ಸಿಗುವ ಬೆಲೆ ಒಂದೇ ಆಗಿರುವುದಿಲ್ಲ. ಗದ್ದಲ ಯಾವಾಗ ಬರುತ್ತದೆ, ಯಾರ ಕಿವಿಗೆ ಹೆಚ್ಚು ಬೀಳುತ್ತದೆ ಎಂಬುದನ್ನು ತಿಳಿದು ಹಂಚಿದರೆ ಮಾತ್ರ ಅದು ನಿಜವಾದ ಹಂಚಿಕೆ. ನಿಮ್ಮ ಮನೆಯಲ್ಲಿ ಈಗ ನಡೆಯುತ್ತಿರುವುದು ಇದಕ್ಕೆ ತದ್ವಿರುದ್ಧ: ಗದ್ದಲವನ್ನು ತಮ್ಮ ತಮ್ಮ ಮಟ್ಟಿಗಷ್ಟೇ ಅಳೆದುಕೊಂಡ ನಾಲ್ಕು ಜೋಡಿಗಳು ಒಂದಕ್ಕೊಂದು ಸಂಬಂಧವಿಲ್ಲದಂತೆ ಒಂದೇ ತಂತಿಯಲ್ಲಿ ಮಾತನಾಡಲು ಹೊರಟಿವೆ.

ಮೊದಲು ತಂತಿಯ ಸ್ವಭಾವವನ್ನು ನೋಡೋಣ. ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ 1902ರಲ್ಲಿಯೇ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತ್ತು. ಅಂದಿನಿಂದ ಇಂದಿನವರೆಗೂ ವಿದ್ಯುತ್ ತಂತಿಯನ್ನು ಎಳೆಯುವವರು ಮನಸ್ಸಿನಲ್ಲಿಟ್ಟುಕೊಂಡಿರುವುದು ಶಕ್ತಿಯ ಸಾಗಣೆಯನ್ನೇ ಹೊರತು ಮಾತಿನ ಸಾಗಣೆಯನ್ನಲ್ಲ. ಆದರೂ ಅದೇ ತಂತಿಯ ಮೇಲೆ ಮಾತು ಕಳುಹಿಸುವುದು ಹಳೆಯ ವಿದ್ಯೆ. ದೊಡ್ಡ ಸಬ್‌ಸ್ಟೇಷನ್ನಿನ ಅಂಗಳದಲ್ಲಿ, ಹೈಟೆನ್ಷನ್ ತಂತಿ ಒಳಬರುವ ಕಡೆ, ಪೀಪಾಯಿಯ ಆಕಾರದ ಸುರುಳಿಯೊಂದು ನೇತಾಡುವುದನ್ನು ನೀವು ಬಸ್ಸಿನ ಕಿಟಕಿಯಿಂದ ನೋಡಿರಬಹುದು. ಅದಕ್ಕೆ ವೇವ್ ಟ್ರ್ಯಾಪ್ ಎಂದು ಹೆಸರು. ಕೆಲವು ಹತ್ತು ಕಿಲೋಹರ್ಟ್ಸ್‌ನಿಂದ 500 ಕಿಲೋಹರ್ಟ್ಸ್‌ವರೆಗಿನ ಸಂಕೇತಗಳಲ್ಲಿ ಸಬ್‌ಸ್ಟೇಷನ್ನುಗಳು ಪರಸ್ಪರ ಮಾತನಾಡುತ್ತವೆ. 50 ಹರ್ಟ್ಸ್‌ನ ವಿದ್ಯುತ್ತನ್ನು ಸಲೀಸಾಗಿ ಬಿಡುವ ಆ ಸುರುಳಿ ಈ ಸಂಕೇತವನ್ನು ಮಾತ್ರ ಒಳಗೆ ಸೋರದಂತೆ ತಡೆದು ನಿಲ್ಲಿಸುತ್ತದೆ. ಅಂದರೆ ಅಲ್ಲಿ ಪ್ರತಿ ತಂತಿಗೂ ಎರಡು ತುದಿಯಲ್ಲಿ ಬಾಗಿಲಿದೆ, ಮಾತನಾಡುವವರೂ ಎರಡು ತುದಿಯವರು ಮಾತ್ರ. ಮನೆಯ ವೈರಿಂಗ್‌ಗೆ ಬಾಗಿಲೇ ಇಲ್ಲ. ಮೀಟರ್ ಬೋರ್ಡಿನಲ್ಲಿ ನಾಲ್ಕೂ ಮನೆಗಳ ತಂತಿ ಸೇರುತ್ತವೆ, ಅಲ್ಲಿಂದ ಬೀದಿಯ ಎಲ್‌ಟಿ ಲೈನಿಗೆ ಹೋಗುತ್ತವೆ. ಪ್ರತಿ ಸಾಕೆಟ್ಟೂ ಒಂದು ಕವಲು, ಪ್ರತಿ ಕವಲಿನ ತುದಿಯಲ್ಲೂ ಸಂಕೇತ ಬಡಿದು ಹಿಂದಿರುಗುತ್ತದೆ. ಈ ಕವಲುಗಳ ಪ್ರತಿಧ್ವನಿಯಿಂದಾಗಿ ಕೆಲವು ಫ್ರೀಕ್ವೆನ್ಸಿಗಳು ಒಂದು ಮನೆಗೆ ಚೆನ್ನಾಗಿ ಮುಟ್ಟಿ ಪಕ್ಕದ ಮನೆಗೆ ಮುಟ್ಟದೆ ಹೋಗುತ್ತವೆ.

ಇನ್ನು ಗದ್ದಲ. ಜರ್ಮನಿಯ ಝಿಮ್ಮರ್‌ಮನ್ ಮತ್ತು ಡೋಸ್ಟರ್ಟ್ ಎಂಬ ಇಬ್ಬರು ಸಂಶೋಧಕರು 2002ರಲ್ಲಿ ವಿದ್ಯುತ್ ತಂತಿಯ ಗದ್ದಲವನ್ನು ಐದು ಬಗೆಯಾಗಿ ವಿಂಗಡಿಸಿದರು, ಮತ್ತು ಆ ವಿಂಗಡಣೆ ಈಗಲೂ ಬಳಕೆಯಲ್ಲಿದೆ. ಸದಾ ಇರುವ ಹಿನ್ನೆಲೆಯ ಮರ್ಮರ ಮತ್ತು ಶಾರ್ಟ್‌ವೇವ್ ರೇಡಿಯೋ ಕೇಂದ್ರಗಳು ತಂತಿಯನ್ನೇ ಆಂಟೆನಾ ಮಾಡಿಕೊಂಡು ಒಳನುಸುಳುವ ಕಿರಿದಾದ ಪಟ್ಟಿಗಳು ಮೊದಲ ಎರಡು. ಇವು ನಿಧಾನವಾಗಿ ಬದಲಾಗುವುದರಿಂದ ಅಡಾಪ್ಟರುಗಳಿಗೆ ದೊಡ್ಡ ಸವಾಲಲ್ಲ. ಮೊಬೈಲ್ ಚಾರ್ಜರ್ ಮತ್ತು ಎಲ್‌ಇಡಿ ದೀಪಗಳ ಒಳಗಿನ ಸ್ವಿಚಿಂಗ್ ಸರ್ಕ್ಯೂಟು ತನ್ನದೇ ಲಯದಲ್ಲಿ ಹುಟ್ಟಿಸುವ ಮಿಡಿತಗಳು ಮೂರನೆಯದು. ಸ್ವಿಚ್ ಹಾಕಿದಾಗ, ಸ್ಟಾರ್ಟರ್ ಕಚ್ಚಿದಾಗ ಹೇಳದೆ ಕೇಳದೆ ಬರುವ ಸಿಡಿತ ಐದನೆಯದು. ನಾನು ಬೇಕೆಂದೇ ಬಿಟ್ಟ ನಾಲ್ಕನೆಯದು ನಿಮ್ಮ ಪ್ರಶ್ನೆಯ ತಿರುಳಿಗೆ ಹತ್ತಿರವಾದದ್ದು: ವಿದ್ಯುತ್ತಿನ ಅಲೆಯ ಜೊತೆಗೇ ಹೆಜ್ಜೆ ಹಾಕುವ ಗದ್ದಲ.

ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಬಾರಿ ಸುತ್ತುತ್ತದೆ. ಒಂದು ಅರ್ಧಸುತ್ತಿಗೆ 10 ಮಿಲಿಸೆಕೆಂಡು. ಗುಂಡಿ ತಿರುಗಿಸುವ ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್ ಪ್ರತಿ ಅರ್ಧಸುತ್ತಿನಲ್ಲೂ ಅಲೆಯನ್ನು ಒಂದು ಗೊತ್ತಾದ ಜಾಗದಲ್ಲಿ ಕತ್ತರಿಸುತ್ತದೆ, ಹಾಗೆ ಕತ್ತರಿಸಿದಾಗಲೆಲ್ಲ ಒಂದು ಸಿಡಿತ ತಂತಿಗೆ ಬೀಳುತ್ತದೆ. ತುಮಕೂರಿನ ನನ್ನ ಬಾಡಿಗೆ ಮನೆಯಲ್ಲಿ, ತಂತಿಯ 230 ವೋಲ್ಟನ್ನು ಬೇರ್ಪಡಿಸುವ ತಕ್ಕ ಫಿಲ್ಟರ್ ಹಾಕಿ ಆಸಿಲೋಸ್ಕೋಪಿನಲ್ಲಿ ಮೊದಲ ಬಾರಿ ಇದನ್ನು ನೋಡಿದ ಸಂಜೆ ನನಗೆ ಇನ್ನೂ ನೆನಪಿದೆ: ಪರದೆಯ ಮೇಲೆ 10 ಮಿಲಿಸೆಕೆಂಡಿಗೊಂದರಂತೆ ಮೊಳೆ ಹೊಡೆದ ಹಾಗೆ ಸಾಲುಗಟ್ಟಿ ನಿಂತ ಸಿಡಿತಗಳು, ನಡುವೆ ತಿಳಿಯಾದ ಜಾಗ. ಫ್ಯಾನಿನ ವೇಗ ಬದಲಿಸಿದಾಗ ಆ ಮೊಳೆಗಳು ಒಟ್ಟಾಗಿ ಪಕ್ಕಕ್ಕೆ ಸರಿದವು. ತಂತಿ ಯಾವಾಗಲೂ ಕೆಟ್ಟದ್ದಲ್ಲ, ಅದು ಗಂಟೆ ಹೊಡೆದಂತೆ ಗೊತ್ತಾದ ಹೊತ್ತಿಗೆ ಕೆಡುತ್ತದೆ ಎಂಬುದು ನನಗೆ ಮನದಟ್ಟಾದದ್ದು ಆಗ.

ನಿಮ್ಮ ಘಟಕದ ಮೋಟರಿನ ವಿಚಾರ ಇಲ್ಲಿಯೇ ಬರುತ್ತದೆ. ಬ್ರಶ್ ಇಲ್ಲದ ಇಂಡಕ್ಷನ್ ಮೋಟರು ತಾನಾಗಿ ಹೆಚ್ಚು ಗದ್ದಲ ಮಾಡುವುದಿಲ್ಲ. ಆದರೆ ಅದರ ವೇಗ ಹೊಂದಿಸಲು ವಿಎಫ್‌ಡಿ ಡ್ರೈವ್ ಇದ್ದರೆ, ಅದರೊಳಗಿನ ಟ್ರಾನ್ಸಿಸ್ಟರುಗಳು ಸೆಕೆಂಡಿಗೆ ಸಾವಿರಾರು ಬಾರಿ ವೋಲ್ಟೇಜನ್ನು ಥಟ್ಟನೆ ಮುರಿದು ಕಟ್ಟುತ್ತವೆ. ಆ ಏಟು ಎಷ್ಟು ಚುರುಕೋ ಅದರ ಚೂರುಗಳು ಅಷ್ಟು ಎತ್ತರದ ಫ್ರೀಕ್ವೆನ್ಸಿಗೆ ಹಾರುತ್ತವೆ. ನಿಮ್ಮ ಅಡಾಪ್ಟರುಗಳು ಕೆಲಸ ಮಾಡುವ 2 ರಿಂದ 30 ಮೆಗಾಹರ್ಟ್ಸ್ ಪಟ್ಟಿಗೂ ಅವು ಬಂದು ಬೀಳುತ್ತವೆ. ಇದಲ್ಲದೆ ಮೌನವಾಗಿಯೇ ಕೆಡುಕು ಮಾಡುವ ಇನ್ನೊಂದು ವಸ್ತುವಿದೆ. ಪವರ್ ಫ್ಯಾಕ್ಟರ್‌ಗಾಗಿ ಹಾಕುವ ಕೆಪಾಸಿಟರ್, ಚಾರ್ಜರುಗಳ ಬಾಯಲ್ಲಿರುವ ಪುಟ್ಟ ಕೆಪಾಸಿಟರ್ ಇವೆಲ್ಲ ಸಂಕೇತವನ್ನು ನುಂಗುತ್ತವೆ. 10 ಮೈಕ್ರೋಫ್ಯಾರಡ್ ಕೆಪಾಸಿಟರ್ 50 ಹರ್ಟ್ಸ್‌ಗೆ ಸುಮಾರು 318 ಓಂ ತಡೆಯೊಡ್ಡಿದರೆ 100 ಕಿಲೋಹರ್ಟ್ಸ್‌ಗೆ ಒಡ್ಡುವುದು 0.16 ಓಂ ಮಾತ್ರ. ಆ ಸಂಕೇತದ ಪಾಲಿಗೆ ಅದು ಬಹುಮಟ್ಟಿಗೆ ಶಾರ್ಟ್ ಸರ್ಕ್ಯೂಟ್ ಇದ್ದಂತೆ. ಮೆಗಾಹರ್ಟ್ಸ್‌ಗಳಲ್ಲಿ ಚಾರ್ಜರಿನ 0.1 ಮೈಕ್ರೋಫ್ಯಾರಡ್ ಕೂಡ ಇದೇ ಕೆಲಸಕ್ಕೆ ಸಾಕಾಗುತ್ತದೆ.

ಗದ್ದಲದ ವೇಳಾಪಟ್ಟಿ ತಿಳಿದಿರುವುದರಿಂದ ಎಷ್ಟು ಲಾಭ ಎಂಬುದನ್ನು ಒಂದು ಲೆಕ್ಕದಿಂದ ತೋರಿಸುತ್ತೇನೆ, ಏಕೆಂದರೆ ಮುಂದಿನ ಮಾತೆಲ್ಲ ಇದರ ಮೇಲೆ ನಿಂತಿದೆ. ಸಂಕೇತವು ಗದ್ದಲಕ್ಕಿಂತ 100 ಪಟ್ಟು ಬಲವಾಗಿದ್ದರೆ, ಅಂದರೆ 20 ಡೆಸಿಬಲ್ ಮೇಲಿದ್ದರೆ, ಒಂದು ಹರ್ಟ್ಸ್ ಅಗಲದಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 6.66 ಬಿಟ್ ಕಳಿಸಬಹುದು ಎಂದು ಕ್ಲಾಡ್ ಶ್ಯಾನನ್ 1948ರಲ್ಲಿ ಕೊಟ್ಟ ಸೂತ್ರ ಹೇಳುತ್ತದೆ; ಎರಡೂ ಸಮಬಲವಾದರೆ 1 ಬಿಟ್ ಮಾತ್ರ. ಈಗ 10 ಮಿಲಿಸೆಕೆಂಡಿನ ಅರ್ಧಸುತ್ತಿನಲ್ಲಿ 8 ಮಿಲಿಸೆಕೆಂಡು ತಂತಿ ತಿಳಿಯಾಗಿದ್ದು, ಉಳಿದ 2 ಮಿಲಿಸೆಕೆಂಡು ಗದ್ದಲ 100 ಪಟ್ಟು ಏರುತ್ತದೆ ಎಂದುಕೊಳ್ಳಿ. ಅಡಾಪ್ಟರಿಗೆ ಈ ವೇಳೆ ಗೊತ್ತಿಲ್ಲದೆ ಗದ್ದಲದ ಸರಾಸರಿಯನ್ನು ಮಾತ್ರ ನೆಚ್ಚಿದರೆ ಅದಕ್ಕೆ ದಕ್ಕುವುದು ಸುಮಾರು 2.5 ಬಿಟ್. ವೇಳೆ ಗೊತ್ತಿದ್ದು, ತಿಳಿಯಾದ ಹೊತ್ತಿನಲ್ಲಿ ತುಂಬಿ ತುಳುಕುವಂತೆಯೂ ಕೆಟ್ಟ ಹೊತ್ತಿನಲ್ಲಿ ತಗ್ಗಿಸಿಯೂ ಕಳಿಸಿದರೆ ಸರಾಸರಿ 5.5 ಬಿಟ್ ದಕ್ಕುತ್ತದೆ. ತಂತಿ ಅದೇ, ಗದ್ದಲ ಅದೇ, ಶಕ್ತಿ ಅದೇ. ಎರಡು ಪಟ್ಟಿಗೂ ಮಿಕ್ಕಿದ ವ್ಯತ್ಯಾಸ ಬಂದದ್ದು ತಿಳಿವಳಿಕೆಯೊಂದರಿಂದಲೇ. ಈ ಕಾರಣಕ್ಕಾಗಿಯೇ ಹೋಂಪ್ಲಗ್ ಎವಿ ಮತ್ತು ಅದನ್ನು ಒಳಗೊಂಡ 2010ರ ಐಇಇಇ 1901 ಮಾನದಂಡದಲ್ಲಿ ಅಡಾಪ್ಟರುಗಳು ಗಡಿಯಾರವನ್ನು ವಿದ್ಯುತ್ತಿನ ಅಲೆಗೇ ಕಟ್ಟಿಕೊಂಡಿವೆ: ಎರಡು ಪೂರ್ಣ ಸುತ್ತುಗಳಿಗೆ, ಅಂದರೆ ನಮ್ಮಲ್ಲಿ 40 ಮಿಲಿಸೆಕೆಂಡಿಗೆ, ಒಂದು ಬೀಕನ್ (ಎಲ್ಲರೂ ಗಡಿಯಾರ ಹೊಂದಿಸಿಕೊಳ್ಳುವ ಸೂಚನೆ), ಅಲೆಯ ಬೇರೆ ಬೇರೆ ಭಾಗಗಳಿಗೆ ಬೇರೆ ಬೇರೆ ಟೋನ್ ಮ್ಯಾಪ್. ಯಾವ ವಾಹಕ ಫ್ರೀಕ್ವೆನ್ಸಿಯ ಮೇಲೆ ಎಷ್ಟು ಬಿಟ್ ಹೇರಬಹುದು ಎಂಬ ಪಟ್ಟಿಗೆ ಟೋನ್ ಮ್ಯಾಪ್ ಎನ್ನುತ್ತಾರೆ.

ಒಬ್ಬರ ಬದಲು ಇಬ್ಬರಿದ್ದಾಗ ಇದೇ ಲೆಕ್ಕ ಇನ್ನೂ ಸೊಗಸಾಗುತ್ತದೆ. ಮೋಟರಿನ ಪಕ್ಕದ ನಿಮ್ಮ ಮಗನ ಕೋಣೆಯಲ್ಲಿ ಆ 2 ಮಿಲಿಸೆಕೆಂಡು ಗದ್ದಲವಿದೆ, ಎರಡನೆಯ ಮಹಡಿಯ ಮನೆಗೆ ಅದು ಕೇಳಿಸುವುದೇ ಇಲ್ಲ ಎನ್ನೋಣ. ಇಬ್ಬರಿಗೂ ಅರ್ಧಸುತ್ತಿನಲ್ಲಿ ತಲಾ 5 ಮಿಲಿಸೆಕೆಂಡು ಸಿಗಬೇಕು. ಕಣ್ಣು ಮುಚ್ಚಿ ಹಂಚಿದರೆ ಕೆಟ್ಟ 2 ಮಿಲಿಸೆಕೆಂಡಿನಲ್ಲಿ ಒಂದು ನಿಮ್ಮ ಮಗನ ಪಾಲಿಗೆ ಬಿದ್ದು ಹೆಚ್ಚುಕಡಿಮೆ ವ್ಯರ್ಥವಾಗುತ್ತದೆ. ಆ ಎರಡನ್ನೂ ಮೇಲಿನವರಿಗೆ ಕೊಟ್ಟು, ಅದಕ್ಕೆ ಬದಲಾಗಿ ತಿಳಿಯಾದ 5 ಮಿಲಿಸೆಕೆಂಡನ್ನು ಮಗನಿಗೆ ಕೊಟ್ಟರೆ ಮೇಲಿನವರಿಗೆ ಎಳ್ಳಷ್ಟೂ ನಷ್ಟವಿಲ್ಲ, ಮಗನಿಗೆ ದಕ್ಕುವುದು ಸುಮಾರು ಐದನೇ ಒಂದು ಭಾಗ ಹೆಚ್ಚುತ್ತದೆ. ನಮ್ಮ ಕೋಲಾರ ಸೀಮೆಯ ಕೆರೆಗಳಲ್ಲಿ ನೀರಗಂಟಿ ಮಾಡುತ್ತಿದ್ದ ಕೆಲಸ ಇದೇ ಬಗೆಯದು. ಯಾರ ಗದ್ದೆ ಎಲ್ಲಿದೆ, ಯಾವ ಕಾಲುವೆಯಲ್ಲಿ ನೀರು ಇಂಗಿಹೋಗುತ್ತದೆ, ಯಾರಿಗೆ ಯಾವ ಹೊತ್ತಿಗೆ ಬಿಟ್ಟರೆ ಬದುವಿನ ಕೊನೆಯವರೆಗೂ ಮುಟ್ಟುತ್ತದೆ ಎಂದು ತಿಳಿದು ಆತ ತೂಬು ಎತ್ತುತ್ತಿದ್ದ. ವಿದ್ಯುತ್ ತಂತಿಯ ಜಾಲದಲ್ಲೂ ಕೇಂದ್ರ ಸಂಯೋಜಕ ಎಂಬ ಒಂದು ಸಾಧನವಿರುತ್ತದೆ. ಬೀಕನ್ ಕಳಿಸುವುದೂ, ಯಾವ ಅವಧಿ ಸರದಿಯದು, ಯಾವುದು ಪೈಪೋಟಿಯದು ಎಂದು ಸಾರುವುದೂ ಅದರ ಹೊಣೆ. ಜೋಡಿಗೊಂದು ಜಾಲವಾದಾಗ ಜಾಲಕ್ಕೊಬ್ಬ ಸಂಯೋಜಕನಿರುತ್ತಾನೆ. ನಿಮ್ಮ ಮನೆಯಲ್ಲಿ ಒಂದೇ ತೂಬಿಗೆ ನಾಲ್ವರು ನೀರಗಂಟಿಗಳಿದ್ದಾರೆ.

ಮಾನದಂಡದಲ್ಲಿ ಸರದಿಯ ಏರ್ಪಾಡಿದ್ದರೂ ಮಾರುಕಟ್ಟೆಯ ಬಹುತೇಕ ಅಡಾಪ್ಟರುಗಳು ದಿನಬಳಕೆಯಲ್ಲಿ ನೆಚ್ಚಿರುವುದು ಸಿಎಸ್‌ಎಂಎ ಎಂಬ ಪೈಪೋಟಿಯ ಪದ್ಧತಿಯನ್ನೇ. ಮಾತನಾಡುವ ಮೊದಲು ಕಿವಿಗೊಡು, ತಂತಿ ಖಾಲಿಯಿದ್ದರೆ ಮನಸ್ಸಿಗೆ ಬಂದ ಒಂದು ಸಂಖ್ಯೆಯಷ್ಟು ಹೊತ್ತು ಕಾದು ಆಮೇಲೆ ಮಾತನಾಡು, ಡಿಕ್ಕಿಯಾದರೆ ಇನ್ನೂ ದೊಡ್ಡ ಸಂಖ್ಯೆಯನ್ನು ಆರಿಸಿಕೊಂಡು ಕಾಯಿ ಎಂಬುದು ಅದರ ನಿಯಮ. ಕಿವಿಗೊಡದೆ ಬೇಕೆಂದಾಗ ಮಾತನಾಡುತ್ತಿದ್ದ ಹವಾಯಿಯ ಅಲೋಹಾ ಪದ್ಧತಿಯಲ್ಲಿ ಮಾರ್ಗದ 18.4 ಶೇಕಡಾಕ್ಕಿಂತ ಹೆಚ್ಚು ಬಳಕೆಗೆ ಬರಲಾರದು, ಗೊತ್ತಾದ ಗಳಿಗೆಯಲ್ಲೇ ಮಾತು ಆರಂಭಿಸಬೇಕೆಂದು ಕಟ್ಟು ಮಾಡಿದರೆ 36.8 ಶೇಕಡಾ, ಕಿವಿಗೊಡುವುದರಿಂದ ಇದು ಬಹಳ ಸುಧಾರಿಸುತ್ತದೆ. ವಿದ್ಯುತ್ ತಂತಿಯ ಸಿಎಸ್‌ಎಂಎಯಲ್ಲಿ ಒಂದು ವಿಶೇಷವಿದೆ. ಇಲ್ಲಿ ಅಡಾಪ್ಟರು ಡಿಕ್ಕಿಯಾಗುವವರೆಗೆ ಕಾಯುವುದಿಲ್ಲ. ತಾನು ಕಾಯುತ್ತಿರುವಾಗ ಬೇರೆಯವರು ಮಾತನಾಡಿದ್ದು ಕೇಳಿಸಿದರೇ ಜನ ಹೆಚ್ಚಿದ್ದಾರೆಂದು ಊಹಿಸಿ ತಾನಾಗಿ ಹಿಂದೆ ಸರಿಯುತ್ತದೆ. ಕಾಯುವ ಕಿಟಕಿ ಸಾಮಾನ್ಯ ದರ್ಜೆಯ ದತ್ತಾಂಶಕ್ಕೆ 8, 16, 32, 64 ಗಳಿಗೆಗಳೆಂದು ಮೆಟ್ಟಿಲು ಮೆಟ್ಟಿಲಾಗಿ ಹಿಗ್ಗುತ್ತದೆ. ಇದರಿಂದ ಡಿಕ್ಕಿ ಕಡಿಮೆಯಾಗುತ್ತದೆ, ನಿಜ. ಆದರೆ ಗೆದ್ದವನು 8ಕ್ಕೆ ಮರಳಿ ಸೋತವನು 16ಕ್ಕೆ ಏರುವುದರಿಂದ ಗೆದ್ದವನೇ ಮತ್ತೆ ಮತ್ತೆ ಗೆಲ್ಲುವ ಸಾಧ್ಯತೆ ಹೆಚ್ಚುತ್ತದೆ. ಒಂದು ಗಂಟೆಯ ಲೆಕ್ಕದಲ್ಲಿ ಎಲ್ಲರಿಗೂ ಸಮಪಾಲು ಸಿಕ್ಕಿದರೂ ಕೆಲವು ಮಿಲಿಸೆಕೆಂಡುಗಳ ಲೆಕ್ಕದಲ್ಲಿ ಒಬ್ಬನಿಗೇ ಸಿಗುತ್ತಿರುತ್ತದೆ. ಸಿನಿಮಾ ನೋಡುವವರಿಗೆ ಇದು ತಿಳಿಯುವುದಿಲ್ಲ, ವಿಡಿಯೋ ಕರೆಯಲ್ಲಿರುವವರಿಗೆ ಮಾತು ತುಂಡಾಗುತ್ತದೆ. ನೀವು ಹೇಳಿದ ರಾತ್ರಿಯ ತೊಂದರೆಯ ಒಂದು ಮುಖ್ಯ ಕಾರಣ ಇದು.

ಈಗ ಗದ್ದಲ ಮತ್ತು ಜನಸಂದಣಿ ಒಂದಕ್ಕೊಂದು ಹೆಣೆದುಕೊಳ್ಳುವ ಜಾಗಕ್ಕೆ ಬಂದೆವು. ಕಳಿಸಿದ ಪೊಟ್ಟಣ, ಅಂದರೆ ದತ್ತಾಂಶದ ಒಂದು ಕಂತೆ, ತಲುಪಲಿಲ್ಲ ಎಂದರೆ ಎರಡು ಕಾರಣವಿರಬಹುದು: ಇನ್ನೊಬ್ಬನ ಮಾತಿಗೆ ಡಿಕ್ಕಿ ಹೊಡೆಯಿತು, ಅಥವಾ ಗದ್ದಲದ ಸಿಡಿತಕ್ಕೆ ಸಿಕ್ಕಿತು. ಮೊದಲನೆಯದಕ್ಕೆ ಸರಿಯಾದ ಪ್ರತಿಕ್ರಿಯೆ ಹಿಂದೆ ಸರಿದು ಹೆಚ್ಚು ಹೊತ್ತು ಕಾಯುವುದು. ಎರಡನೆಯದಕ್ಕೆ ಅದು ತಪ್ಪು ಪ್ರತಿಕ್ರಿಯೆ. ಕಾಯುವುದರಿಂದ ಮೋಟರು ನಿಲ್ಲುವುದಿಲ್ಲ, ಇರುವ ತಿಳಿಯಾದ ಹೊತ್ತೂ ಖಾಲಿ ಕಳೆದುಹೋಗುತ್ತದೆ. ಗದ್ದಲವನ್ನು ಡಿಕ್ಕಿಯೆಂದು ಭ್ರಮಿಸುವ ವ್ಯವಸ್ಥೆಯಲ್ಲಿ ಎಲ್ಲರೂ ವಿನಯದಿಂದ ಹಿಂದೆ ಸರಿದು, ತಂತಿ ಬರಿದಾಗಿದ್ದರೂ ಯಾರೂ ಮಾತನಾಡದ ಸ್ಥಿತಿ ಬರುತ್ತದೆ. ಮಾನದಂಡ ರಚಿಸಿದವರು ಇದಕ್ಕೆ ಕೊಟ್ಟ ಪರಿಹಾರವನ್ನು ನಾನು ಮನಸಾರೆ ಮೆಚ್ಚುತ್ತೇನೆ. ದೊಡ್ಡ ಪೊಟ್ಟಣವನ್ನು 512 ಬೈಟ್‌ಗಳ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿಗೂ ಬೇರೆ ಪರೀಕ್ಷೆಯ ಗುರುತು ಹಾಕಲಾಗುತ್ತದೆ. ಪಡೆದವನು ಯಾವ ತುಂಡು ಸರಿ, ಯಾವುದು ಕೆಟ್ಟಿದೆ ಎಂದು ಉತ್ತರ ಕೊಡುತ್ತಾನೆ. ನಡುನಡುವೆ ಕೆಲವು ತುಂಡುಗಳು ಮಾತ್ರ ಕೆಟ್ಟಿದ್ದರೆ ಅದು ಗದ್ದಲದ ಕೆಲಸ, ಅಷ್ಟನ್ನೇ ಮತ್ತೆ ಕಳಿಸಿದರೆ ಸಾಕು. ಎಲ್ಲವೂ ಕೆಟ್ಟಿದ್ದರೆ ಅಥವಾ ಉತ್ತರವೇ ಬಾರದಿದ್ದರೆ ಡಿಕ್ಕಿಯೆಂದು ತಿಳಿಯಬಹುದು. ಆದರೂ ನಾಲ್ಕು ಜಾಲಗಳಿರುವ ಕಡೆ ಈ ಗುರುತು ಮಸುಕಾಗುತ್ತದೆ, ಏಕೆಂದರೆ ದೂರದ ಜಾಲದ ಕ್ಷೀಣ ಮಾತು ಡಿಕ್ಕಿಯಾದರೂ ಕೆಲವೇ ತುಂಡುಗಳನ್ನು ಕೆಡಿಸಿ ಗದ್ದಲದ ವೇಷ ಹಾಕಬಲ್ಲದು. ಆಗ ಅಡಾಪ್ಟರು ಟೋನ್ ಮ್ಯಾಪನ್ನು ತಗ್ಗಿಸುತ್ತದೆ, ವೇಗ ಕುಸಿಯುತ್ತದೆ, ಪ್ರತಿ ಪೊಟ್ಟಣವೂ ತಂತಿಯಲ್ಲಿ ಹೆಚ್ಚು ಹೊತ್ತು ಕುಳಿತುಕೊಳ್ಳುತ್ತದೆ, ಹಾಗೆ ಕುಳಿತಷ್ಟೂ ಮತ್ತಷ್ಟು ಡಿಕ್ಕಿಗೆ ಎಡೆಯಾಗುತ್ತದೆ.

ಹೆಚ್ಚು ಹೊತ್ತು ಕುಳಿತುಕೊಳ್ಳುವ ಈ ಮಾತನ್ನು ಹಗುರವಾಗಿ ಬಿಡಬೇಡಿ. ಒಂದು ಮನೆಗೆ 100 ಮೆಗಾಬಿಟ್ ವೇಗ ಸಾಧ್ಯ, ಗದ್ದಲದ ಪಕ್ಕದ ಮನೆಗೆ 10 ಮಾತ್ರ ಸಾಧ್ಯ ಎಂದಿಟ್ಟುಕೊಳ್ಳಿ. ಇಬ್ಬರಿಗೂ ಸಮಾನ ಸಂಖ್ಯೆಯ ಪೊಟ್ಟಣಗಳು ಎಂದು ಹಂಚಿದರೆ ಇಬ್ಬರಿಗೂ ತಲಾ 9 ಮೆಗಾಬಿಟ್‌ನಷ್ಟೇ ಸಿಗುತ್ತದೆ, ಏಕೆಂದರೆ ಹನ್ನೊಂದು ಪಾಲು ಸಮಯದಲ್ಲಿ ಹತ್ತನ್ನು ನಿಧಾನದವನೇ ತಿನ್ನುತ್ತಾನೆ. ಸಮಾನ ಸಮಯ ಎಂದು ಹಂಚಿದರೆ ಒಬ್ಬರಿಗೆ 50, ಇನ್ನೊಬ್ಬರಿಗೆ 5. ಎರಡರಲ್ಲಿ ಯಾವುದು ನ್ಯಾಯ ಎಂದು ನನ್ನ ವಿದ್ಯಾರ್ಥಿಗಳು ಪ್ರತಿ ವರ್ಷವೂ ವಾದಿಸುತ್ತಿದ್ದರು. ನನ್ನ ನಿಲುವು ಸಮಾನ ಸಮಯದ ಕಡೆಗೇ: ಒಬ್ಬರ ಮನೆಯ ಸಾಕೆಟ್ಟಿನ ಗದ್ದಲದ ದಂಡವನ್ನು ಉಳಿದವರು ತೆರಬಾರದು, ಮತ್ತು ಆ ಗದ್ದಲವನ್ನು ಕಡಿಮೆ ಮಾಡಿಕೊಳ್ಳುವ ಆಸಕ್ತಿ ಅದನ್ನು ಅನುಭವಿಸುವವರಿಗೇ ಹುಟ್ಟಬೇಕು.

ಇನ್ನು ನೀವು ಕೇಳಿದ ಫ್ರೀಕ್ವೆನ್ಸಿಯ ಹಂಚಿಕೆ. ಹೋಂಪ್ಲಗ್ ಎವಿಯಲ್ಲಿ 1,155 ವಾಹಕಗಳಿವೆ. ಹವ್ಯಾಸಿ ರೇಡಿಯೋದವರ ಪಟ್ಟಿಗಳಂತಹವುಗಳನ್ನು ಬಿಟ್ಟುಕೊಟ್ಟ ಮೇಲೆ 917 ಬಳಕೆಗೆ ಉಳಿಯುತ್ತವೆ. ಇವನ್ನು ನಾಲ್ವರಿಗೆ ಹಂಚಿ, ಯಾವ ವಾಹಕ ಯಾರಿಗೆ ಚೆನ್ನಾಗಿ ಕೇಳಿಸುತ್ತದೋ ಅದನ್ನು ಅವರಿಗೇ ಕೊಡುವುದು ಕಾಗದದ ಮೇಲೆ ಬಹಳ ಒಳ್ಳೆಯ ಉಪಾಯ. ಆದರೆ ನಿಮ್ಮ ಕೈಲಿರುವ ಅಡಾಪ್ಟರುಗಳಲ್ಲಿ ಹಾಗೆ ಮಾಡಲು ಬರುವುದಿಲ್ಲ. ಮಾತನಾಡುವ ಸರದಿ ಬಂದವನು ಎಲ್ಲ ವಾಹಕಗಳನ್ನೂ ಬಳಸುತ್ತಾನೆ. ಮಾಡಲು ಬಂದರೂ ತೊಡಕಿದೆ. ಕೆಳಗಿನ ಕೋಣೆಯಲ್ಲಿ ಪಕ್ಕದಲ್ಲೇ ಇರುವ ಅಡಾಪ್ಟರು ಗಟ್ಟಿಯಾಗಿ ಕೂಗುತ್ತಿರುವಾಗ, ಮೂರನೆಯ ಮಹಡಿಯಿಂದ ಹತ್ತು ಸಾವಿರ ಪಟ್ಟು ಕ್ಷೀಣವಾಗಿ ಬರುವ ಪಿಸುಮಾತನ್ನು, ಅದು ಬೇರೆ ಫ್ರೀಕ್ವೆನ್ಸಿಯಲ್ಲಿದ್ದರೂ, ಹೆಕ್ಕಿ ತೆಗೆಯುವುದು ಸಾಮಾನ್ಯ ರಿಸೀವರಿಗೆ ಕಷ್ಟ. ಒಬ್ಬೊಬ್ಬರಿಗೂ ಒಂದೊಂದು ಸಂಕೇತಾಕ್ಷರ ಕೊಟ್ಟು ಎಲ್ಲರೂ ಒಟ್ಟಿಗೇ ಮಾತನಾಡುವ ಸಿಡಿಎಂಎ ಪದ್ಧತಿಯನ್ನು ಬಾಧಿಸುವುದೂ ಈ ಹತ್ತಿರ–ದೂರದ ಅಂತರವೇ. ಒಟ್ಟಿಗೇ ಮಾತನಾಡಿದರೂ ಗಟ್ಟಿಯಾದುದನ್ನು ಮೊದಲು ಬಿಡಿಸಿ ಕಳೆದು, ಉಳಿದುದರಲ್ಲಿ ಕ್ಷೀಣವಾದುದನ್ನು ಬಿಡಿಸಬಹುದು ಎಂಬುದು ತತ್ತ್ವದಲ್ಲಿ ನಿಜ. ಹಲವರು ಒಂದೇ ಮಾರ್ಗದಲ್ಲಿ ಎಷ್ಟು ಕಳಿಸಬಹುದು ಎಂಬ ಎಲ್ಲೆಯನ್ನು ರುಡಾಲ್ಫ್ ಆಲ್ಸ್‌ವೀಡ 1971ರಲ್ಲಿಯೇ ಗುರುತಿಸಿದ್ದರು. ಮನೆಬಳಕೆಯ ಪೆಟ್ಟಿಗೆಗಳಿಗೆ ಆ ವಿದ್ಯೆ ಇಳಿದಿಲ್ಲ.

ಫೇಸ್ ಬದಲಿಸುವುದರಿಂದ ಅರೆಬರೆ ಫಲ ಸಿಗುತ್ತದೆ, ಅದು ಕೆಲವೊಮ್ಮೆ ಹಾನಿಯೇ ಆಗುತ್ತದೆ. ಆರ್, ವೈ, ಬಿ ಫೇಸುಗಳ ತಂತಿಗಳು ಮೀಟರ್ ಬೋರ್ಡಿನಲ್ಲಿ ಮತ್ತು ಪೈಪಿನೊಳಗೆ ಒತ್ತೊತ್ತಾಗಿ ಸಾಗುವುದರಿಂದ ಮೆಗಾಹರ್ಟ್ಸ್ ಸಂಕೇತ ಒಂದರಿಂದ ಇನ್ನೊಂದಕ್ಕೆ ಹಾರುತ್ತದೆ, ಆದರೆ ಕ್ಷೀಣಿಸಿ ಹಾರುತ್ತದೆ. ಕೆಳಗಿನ ಅಡಾಪ್ಟರಿಗೆ ಇಬ್ಬರೂ ಕೇಳಿಸಿದರೂ, ಬೇರೆ ಬೇರೆ ಫೇಸಿನ ಇಬ್ಬರಿಗೆ ಪರಸ್ಪರರ ಮಾತು ಕೇಳಿಸದೆ ಹೋಗಬಹುದು. ಆಗ ಇಬ್ಬರೂ ತಂತಿ ಖಾಲಿಯಿದೆಯೆಂದು ನಂಬಿ ಒಟ್ಟಿಗೇ ಮಾತನಾಡಿ ಕೆಳಗೆ ಡಿಕ್ಕಿಯಾಗುತ್ತಾರೆ. ಪೊಟ್ಟಣದ ತಲೆಭಾಗವನ್ನು ಬಹಳ ಗಟ್ಟಿಮುಟ್ಟಾದ ರೀತಿಯಲ್ಲಿ ಕಳಿಸುವುದರಿಂದ ಇಂತಹ ಅಡಗಿದ ನಿಲ್ದಾಣಗಳ ತೊಂದರೆ ಒಂದು ಮಟ್ಟಿಗೆ ತಗ್ಗುತ್ತದೆ. ಫೇಸುಗಳನ್ನು ನೀವಾಗಿ ಅದಲುಬದಲು ಮಾಡಲು ಮಾತ್ರ ಹೋಗಬೇಡಿ. ಲೋಡಿನ ಸಮತೋಲವೂ ಕೆಡುತ್ತದೆ, ಅಪಾಯವೂ ಇದೆ.

ನಾಲ್ಕು ಮನೆಗೇ ಇಷ್ಟು ಕಷ್ಟವಾದರೆ ನೂರಾರು ಮೀಟರುಗಳು ಒಂದು ಟ್ರಾನ್ಸ್‌ಫಾರ್ಮರಿನ ಕೆಳಗೆ ಹೇಗೆ ಮಾತನಾಡುತ್ತವೆ ಎಂಬ ಸಂಶಯ ನಿಮಗೆ ಬರಬಹುದು. ಇಟಲಿಯಲ್ಲಿ 2001ರಿಂದ ಅಳವಡಿಸಿದ ಮೂರು ಕೋಟಿಗೂ ಮಿಕ್ಕಿದ ಮೀಟರುಗಳು ವಿದ್ಯುತ್ ತಂತಿಯ ಮೇಲೆಯೇ ಲೆಕ್ಕ ಒಪ್ಪಿಸಿದವು. ಅಲ್ಲಿ ಬಳಸುವುದು 95 ಕಿಲೋಹರ್ಟ್ಸ್‌ಗಿಂತ ಕೆಳಗಿನ ಕಿರಿದಾದ ಪಟ್ಟಿ, ಕಳಿಸುವ ಮಾಹಿತಿ ಅಲ್ಪ, ಮತ್ತು ಟ್ರಾನ್ಸ್‌ಫಾರ್ಮರಿನ ಬಳಿಯ ಸಂಗ್ರಾಹಕ ಹೆಸರು ಹಿಡಿದು ಕೂಗಿದ ಮೀಟರು ಮಾತ್ರ ಉತ್ತರ ಕೊಡುತ್ತದೆ. ಯುರೋಪಿನ ನಿಯಮವು ಗ್ರಾಹಕರು ಪೈಪೋಟಿಯಿಂದ ಬಳಸುವ 125ರಿಂದ 140 ಕಿಲೋಹರ್ಟ್ಸ್ ಪಟ್ಟಿಗೂ ಒಂದು ಶಿಸ್ತು ಹಾಕಿದೆ: ಯಾರೂ ಒಂದು ಸೆಕೆಂಡಿಗಿಂತ ಹೆಚ್ಚು ಹೊತ್ತು ಮಾರ್ಗವನ್ನು ಹಿಡಿದಿಡಬಾರದು, ಬಿಟ್ಟ ಮೇಲೆ ಕನಿಷ್ಠ 125 ಮಿಲಿಸೆಕೆಂಡು ಸುಮ್ಮನಿರಬೇಕು. ಪಾವಗಡದಿಂದ ಶ್ರೀನಿವಾಸಪುರದವರೆಗಿನ ನಮ್ಮ ಬಯಲುಸೀಮೆಯ ಪಂಪ್‌ಸೆಟ್ ಲೈನುಗಳಲ್ಲಿ ಒಂದು ಸಣ್ಣ ಟ್ರಾನ್ಸ್‌ಫಾರ್ಮರಿಗೆ ಬೆರಳೆಣಿಕೆಯ ಸಂಪರ್ಕಗಳಿರುತ್ತವೆ, ತಂತಿ ಉದ್ದ, ಪ್ರತಿ ತುದಿಯಲ್ಲೂ ಸ್ಟಾರ್ಟರ್ ಮತ್ತು ಕೆಪಾಸಿಟರ್. ಅಷ್ಟು ಕೆಲವರಿಗಾಗಿ ಒಂದೊಂದು ಸಂಗ್ರಾಹಕ ಇಡುವುದು ದುಬಾರಿಯಾದ್ದರಿಂದ ಅಂತಹ ಕಡೆ ರೇಡಿಯೋ ಅಥವಾ ಮೊಬೈಲ್ ಜಾಲವೇ ಲೇಸು ಎಂದು ನನಗೆ ತೋರುತ್ತದೆ.

ನಿಮ್ಮ ಮನೆಯಲ್ಲಿ ಮೊದಲು ಮಾಡಬೇಕಾದದ್ದು ರೋಗ ಯಾವುದೆಂದು ಬೇರ್ಪಡಿಸುವುದು. ಅಡಾಪ್ಟರಿನ ಜೊತೆ ಬರುವ ತಂತ್ರಾಂಶ ಎರಡು ಅಡಾಪ್ಟರುಗಳ ನಡುವಿನ ಕೊಂಡಿಯ ವೇಗವನ್ನು ತೋರಿಸುತ್ತದೆ. ರಾತ್ರಿ ಮೋಟರು ನಿಲ್ಲಿಸಿ, ಉಳಿದ ಮೂರು ಜೋಡಿಗಳನ್ನು ಕಿತ್ತು, ಒಂದು ಜೋಡಿಯ ಆ ಅಂಕಿಯನ್ನು ಬರೆದಿಡಿ. ಅದರ ಜೊತೆಗೆ ರೌಟರಿಗೆ ಪಿಂಗ್ ಕಳಿಸಿ ಉತ್ತರ ಬರಲು ಹಿಡಿಯುವ ಹೊತ್ತನ್ನೂ ಬರೆದಿಡಿ. ಆಮೇಲೆ ಒಂದೊಂದೇ ಬದಲಾವಣೆ ಮಾಡಿ, ಮೊದಲು ಮೋಟರು, ನಂತರ ಒಂದೊಂದು ಜೋಡಿ. ಕೊಂಡಿಯ ವೇಗವೇ ಬಿದ್ದರೆ ಅದು ಬಹುಮಟ್ಟಿಗೆ ಗದ್ದಲ. ಕೊಂಡಿಯ ವೇಗ ಹಾಗೆಯೇ ಇದ್ದು ಪಿಂಗ್‌ನ ಹೊತ್ತು ಮಾತ್ರ ಏರಿಳಿದರೆ ಅದು ಪೈಪೋಟಿ.

ನಂತರ ನಾಲ್ಕು ಜಾಲಗಳನ್ನು ಒಂದು ಮಾಡಿ. ಕಚೇರಿ ಕೋಣೆಯಲ್ಲಿ ಒಂದೇ ಅಡಾಪ್ಟರು ಇರಲಿ, ಉಳಿದ ಮೂರನ್ನು ತೆಗೆದಿಡಿ, ಮನೆಗಳ ನಾಲ್ಕು ಅಡಾಪ್ಟರುಗಳನ್ನೂ ಜೋಡಿಸುವ ಗುಂಡಿಯೊತ್ತಿ ಅದೊಂದಕ್ಕೇ ಸೇರಿಸಿ. ನಾಲ್ಕೂ ಜೋಡಿ ಒಂದೇ ಮಾನದಂಡದವಾಗಿದ್ದರೆ ಮಾತ್ರ ಇದು ಸಾಧ್ಯ. ಮನೆಗಳಲ್ಲಿ ಹರಿಯುವ ದತ್ತಾಂಶದ ಹೆಚ್ಚಿನ ಪಾಲು ಕೆಳಗಿನಿಂದ ಮೇಲಕ್ಕೆ ಹೋಗುವಂಥದ್ದು. ಈಗ ಅದಕ್ಕಾಗಿ ನಾಲ್ಕು ಅಡಾಪ್ಟರುಗಳು ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಕುಳಿತು ಜಗಳವಾಡುತ್ತಿವೆ. ಒಂದೇ ಆದಾಗ ಅದು ತನ್ನ ಒಳಗಿನ ಸಾಲಿನಿಂದ ಒಬ್ಬರಾದ ಮೇಲೊಬ್ಬರಿಗೆ ಕೊಡುತ್ತದೆ, ಆ ದಿಕ್ಕಿನ ಡಿಕ್ಕಿ ಹೆಚ್ಚುಕಡಿಮೆ ಇಲ್ಲವಾಗುತ್ತದೆ. ನಿಧಾನದ ಮನೆ ಎಲ್ಲರ ಸಮಯವನ್ನೂ ತಿನ್ನದಂತೆ ರೌಟರಿನಲ್ಲಿ ಪ್ರತಿ ಮನೆಗೂ ವೇಗದ ಮಿತಿ ಹಾಕಿ. ಒಂದು ಎಚ್ಚರಿಕೆ: ಒಂದೇ ಜಾಲವೆಂದರೆ ಒಂದೇ ಕೀಲಿ. ಅಡಾಪ್ಟರುಗಳು 128 ಬಿಟ್‌ಗಳ ಎಇಎಸ್ ಗೂಢಲಿಪಿ ಬಳಸುತ್ತವೆಯಾದರೂ ಅದು ಕಾಯುವುದು ಹೊರಗಿನವರಿಂದ, ಕೀಲಿ ಹಂಚಿಕೊಂಡವರಿಂದಲ್ಲ. ಆದ್ದರಿಂದ ಕಾರ್ಖಾನೆಯ ಕೀಲಿಯನ್ನು ಬದಲಿಸಿ, ಮತ್ತು ಪ್ರತಿ ಬಾಡಿಗೆದಾರರೂ ತಮ್ಮ ಅಡಾಪ್ಟರಿನ ಹಿಂದೆ ತಮ್ಮದೇ ಪುಟ್ಟ ರೌಟರ್ ಇಟ್ಟುಕೊಳ್ಳಲಿ. ಅವರ ಕಂಪ್ಯೂಟರುಗಳು ಪಕ್ಕದ ಮನೆಗೆ ಕಾಣುವುದು ತಪ್ಪುತ್ತದೆ.

ಅಡಾಪ್ಟರನ್ನು ಯಾವಾಗಲೂ ನೇರವಾಗಿ ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿ. ಫಿಲ್ಟರ್ ಇರುವ ಸ್ಪೈಕ್ ಗಾರ್ಡ್ ಸಂಕೇತವನ್ನೂ ಗದ್ದಲವೆಂದೇ ತಿಳಿದು ತಡೆಯುತ್ತದೆ. ಅದೇ ಸ್ಪೈಕ್ ಗಾರ್ಡನ್ನು ಚಾರ್ಜರುಗಳಿಗೂ ಟಿವಿಗೂ ಬಳಸಿದರೆ ಅವುಗಳ ಗದ್ದಲ ತಂತಿಗೆ ಇಳಿಯುವುದು ಕಡಿಮೆಯಾಗುತ್ತದೆ. ಹಳೆಯ ಗುಂಡಿ ರೆಗ್ಯುಲೇಟರುಗಳ ಬದಲು ಮೆಟ್ಟಿಲು ಮೆಟ್ಟಿಲಾಗಿ ತಿರುಗುವ ಕೆಪಾಸಿಟರ್ ರೆಗ್ಯುಲೇಟರ್ ಹಾಕಿಸಿ. ಕರೆಂಟು ಹೋದಾಗ ರೌಟರ್ ಯುಪಿಎಸ್ ಲೈನಿನಲ್ಲಿದ್ದು ಅಡಾಪ್ಟರು ಬೇರೆ ಲೈನಿನಲ್ಲಿದ್ದರೆ ಸಂಪರ್ಕ ಕಡಿಯುವುದು ಸಹಜ. ಅದನ್ನು ಗದ್ದಲದ ಲೆಕ್ಕಕ್ಕೆ ಸೇರಿಸಬೇಡಿ.

ಮೋಟರಿನ ಡ್ರೈವ್‌ಗೆ, ಅದರ ಕಂಪನಿ ಸೂಚಿಸುವ, ಗದ್ದಲ ಹೊರಗೆ ಹೋಗದಂತೆ ತಡೆಯುವ ಇಎಂಐ ಫಿಲ್ಟರನ್ನು ಡ್ರೈವ್‌ನ ಬಾಯಿಗೆ ಆದಷ್ಟು ಹತ್ತಿರದಲ್ಲಿ ಹಾಕಿಸಿ, ಮೋಟರಿನ ಕೇಬಲ್ ಕವಚವಿರುವಂಥದ್ದಾಗಿರಲಿ ಮತ್ತು ಆ ಕವಚ ಸರಿಯಾಗಿ ಅರ್ಥ್ ಆಗಿರಲಿ. ಸಬ್‌ಸ್ಟೇಷನ್ನಿನ ವೇವ್ ಟ್ರ್ಯಾಪಿನ ಪುಟ್ಟ ತಂಗಿಯಂತಹ ತಡೆ ಫಿಲ್ಟರುಗಳೂ ಸಿಗುತ್ತವೆ. ಘಟಕದ ಲೈನಿಗೆ ಒಂದನ್ನು ಹಾಕಿಸಿದರೆ ಮೋಟರಿನ ಗದ್ದಲ ಮೇಲಿನ ಮನೆಗಳಿಗೆ ಏರುವುದಿಲ್ಲ. ರೌಟರ್ ಇರುವ ಕಚೇರಿಯ ಸಾಕೆಟ್ಟು ಆ ಫಿಲ್ಟರಿನ ಮನೆಯ ಕಡೆಗೆ ಉಳಿಯಬೇಕು, ಘಟಕದ ಕಡೆಗಲ್ಲ. ಇದನ್ನು ಕೆಲಸ ಮಾಡುವವರಿಗೆ ಮೊದಲೇ ಬರೆದು ಕೊಡಿ. ಈ ಕೆಲಸವನ್ನು ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರೇ, ಮೀಟರಿನ ಸೀಲು ಮುಟ್ಟದೆ, ಮೀಟರಿನ ಈಚೆಯ ಕಡೆ ಮಾಡಬೇಕು. ಅದೇ ದಿನ ಮೆಟ್ಟಿಲ ಬದಿಯಲ್ಲಿ ಒಂದು ಪೈಪು ಎಳೆಸಲು ಜಾಗವಿದೆಯೇ ಎಂದು ಅವರನ್ನು ಕೇಳಿ. ಜಾಗವಿದ್ದರೆ ಮೂರು ಮಹಡಿಗೂ ಒಂದೊಂದು ಲ್ಯಾನ್ ಕೇಬಲ್ ಎಳೆಸಿ, ಅಡಾಪ್ಟರುಗಳನ್ನು ನಿಮ್ಮ ಮಗನ ಹಿಂದಿನ ಕೋಣೆಯಂತಹ ಕೇಬಲ್ ತಲುಪದ ಜಾಗಗಳಿಗೆ ಮಾತ್ರ ಉಳಿಸಿಕೊಳ್ಳಿ.